ಚಿಕಿತ್ಸೆಯ ಮೂರನೆಯ ಪಾದ: ಅರ್ಬುದರೋಗದ ಔಷಧಪ್ರಯೋಗಗಳಲ್ಲಿ ಮನೆಯವರ ಪಾತ್ರ

೧

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಂತಿರುವುದೆಂದು ಪ್ರಾಚೀನ ಆಯುರ್ವೇದಾಚಾರ್ಯರು ಹೇಳಿರುವರು. ಚರಕಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಈ ವಿಚಾರವು ವಿಸ್ತಾರವಾಗಿ ಬಂದಿದೆ. ವೈದ್ಯ, ಔಷಧ, ಉಪಸ್ಥಾತೃ, ರೋಗಿ ಎಂಬುವೇ ಆ ನಾಲ್ಕು ಪಾದಗಳು. ಉಪಸ್ಥಾತೃವೆಂದರೆ ರೋಗಿಯ ಬಳಿಯಲ್ಲಿಯೇ ಇದ್ದು ಶುಶ್ರೂಷೆ ಮಾಡುವವನು. ಪರಿಚಾರಕನೆಂಬ ಹೆಸರೂ ಅವನಿಗೆ ಉಂಟು. ಉಪಚಾರವನ್ನು ಬಲ್ಲವನಾಗಿರುವುದು, ದಾಕ್ಷ್ಯ, ರೋಗಿಯಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಅವನಲ್ಲಿರಬೇಕು. ರೋಗಿಗೂ ಹಾಗೆಯೇ ನಾಲ್ಕು ಗುಣಗಳನ್ನು ವಿಧಿಸಿದೆ: ಸ್ಮೃತಿ, ವೈದ್ಯನು ಹೇಳಿದಂತೆ ನಡೆಯುವಿಕೆ, ಧೈರ್ಯ, ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿ. ರೋಗಿಯು ಮೂರು ವರ್ಷದ ಕೂಸಾದರೆ ಈ ಗುಣಗಳನ್ನು ಯಾರಲ್ಲಿ ಹುಡುಕಬೇಕು? ಅವೂ ತಾಯಿತಂದೆಗಳ ಪಾಲಿಗೇ ಬರುವುವು. ಆಗ ಪರಿಚಾರಕನು ತನ್ನ ಪಾದವನ್ನಲ್ಲದೆ ರೋಗಿಯ ಪಾದವನ್ನೂ ಹೊತ್ತು ನಿಲ್ಲಬೇಕಾಗುವುದು.

ಇಷ್ಟು ಹಳೆಯ ಮಾತು ಇಂದಿನ ಆಸ್ಪತ್ರೆಗಳಿಗೆ ಅನ್ವಯಿಸುವುದೇ ಎಂಬ ಸಂದೇಹವು ಸಹಜವಾದುದು. ಇಂದು ರೋಗಿಯ ಬಳಿಯಲ್ಲಿ ಶಿಕ್ಷಣ ಪಡೆದ ದಾದಿಯರಿರುವರು. ನಾಡಿಯ ಬಡಿತವನ್ನು ಎಣಿಸಲು ಯಂತ್ರಗಳಿರುವುವು. ಅದರಲ್ಲಿಯೂ ಹೊಸ ಔಷಧವೊಂದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಪ್ರಯೋಗಗಳಲ್ಲಿ ಪ್ರತಿಯೊಂದು ಕ್ರಿಯೆಯೂ ಲಿಖಿತವಾದ ನಿಯಮಾವಳಿಗೆ ಅಧೀನವಾಗಿರುವುದು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹೊಸ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ರೂಢಿಯ ಚಿಕಿತ್ಸೆಯನ್ನೂ ಕೊಟ್ಟು, ಫಲವನ್ನು ತೂಗಿ ನೋಡುವುದು ಈ ಪ್ರಯೋಗಗಳ ಕ್ರಮ. ೧೯೪೮ರಲ್ಲಿ ಬ್ರಿಟಿಷ್ ವೈದ್ಯಸಂಶೋಧನ ಮಂಡಲಿಯು ಕ್ಷಯರೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಔಷಧದ ಪರೀಕ್ಷೆಯನ್ನು ಈ ರೀತಿಯಲ್ಲಿ ನಡೆಸಿ ಪ್ರಕಟಿಸಿದ ಮೇಲೆ ಈ ಮಾರ್ಗವು ಲೋಕಮಾನ್ಯವಾಯಿತು.

ಇಂಥ ಪ್ರಯೋಗದ ವರದಿಯಲ್ಲಿ ವೈದ್ಯರ ಹೆಸರಿರುವುದು, ಔಷಧದ ಪ್ರಮಾಣವಿರುವುದು, ರೋಗಿಗಳ ಸಂಖ್ಯೆಯಿರುವುದು. ನಾಲ್ಕು ಪಾದಗಳಲ್ಲಿ ಮೂರಕ್ಕೆ ಲೆಕ್ಕವಿದ್ದು ಒಂದಕ್ಕೆ ಮಾತ್ರ ಲೆಕ್ಕವಿಲ್ಲ. ಆದರೆ ಮಕ್ಕಳ ರಕ್ತಾರ್ಬುದದ ಚಿಕಿತ್ಸೆಯು ಎಪ್ಪತ್ತೈದು ವರ್ಷಗಳಲ್ಲಿ ನಡೆದು ಬಂದ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನೋಡಿದರೆ, ಲೆಕ್ಕದಿಂದ ಹೊರಗುಳಿದ ಆ ಪಾದವು ಕುಸಿದಲ್ಲೆಲ್ಲಾ ಉಳಿದ ಮೂರೂ ಕುಸಿದುವೆಂಬುದು ಸ್ಪಷ್ಟವಾಗುವುದು.

೨

ಲ್ಯುಕೀಮಿಯಾ ಎಂದು ಪಾಶ್ಚಾತ್ಯರು ಕರೆಯುವ ರಕ್ತಾರ್ಬುದದಲ್ಲಿ ಎಲುಬಿನೊಳಗಿನ ಮಜ್ಜೆಯು ಪಕ್ವವಾಗದ ಬಿಳಿಯ ಕಣಗಳನ್ನು ಮಿತಿಯಿಲ್ಲದೆ ಹೆರುವುದು. ಕೆಂಪು ಕಣಗಳಿಗೂ, ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣಗಳಿಗೂ ಎಡೆಯಿಲ್ಲದಂತಾಗಿ ಮಗುವು ಬಿಳಿಚಿಕೊಂಡು, ಜ್ವರದಿಂದ ಬೆಂದು, ಒಸಡು ಮೂಗುಗಳಿಂದ ರಕ್ತ ಸುರಿಸಿ ಪ್ರಾಣ ಬಿಡುವುದು. ೧೯೪೭ರ ವರೆಗೆ ಇದರ ತೀವ್ರರೂಪಕ್ಕೆ ಔಷಧವೇ ಇರಲಿಲ್ಲ. ರೋಗವು ಗೊತ್ತಾದ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಮಗುವಿನ ಆಯುಸ್ಸು ಮುಗಿಯುತ್ತಿದ್ದಿತು.

ಇದಕ್ಕೆ ಮೊದಲನೆಯ ಔಷಧವು ದೊರೆತ ಕಥೆಯಲ್ಲಿ ಭಾರತದ ನಂಟು ಎರಡು ಕಡೆಗಳಿಂದ ಬಂದಿರುವುದು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಬೊಂಬಾಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದೆಂದು ೧೯೩೧ರಲ್ಲಿ ಪ್ರಕಟಿಸಿದಳು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಗೋದಾವರೀ ಸೀಮೆಯ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವನ್ನು ಕಲಿತು ಅಮೆರಿಕಾಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದಲ್ಲಿ ಲೆಡರ್ಲೆ ಪ್ರಯೋಗಾಲಯದವರು ಫೋಲಿಕ್ ಆಮ್ಲವನ್ನೂ, ಅದರಂತೆಯೇ ತೋರಿ ಅದರ ಕಾರ್ಯವನ್ನು ತಡೆಯುವ ಅಮಿನಾಪ್ಟರಿನ್ ಎಂಬ ದ್ರವ್ಯವನ್ನೂ ಸಿದ್ಧಪಡಿಸಿದರು. ಬೋಸ್ಟನ್ ನಗರದ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರನು ಫೋಲಿಕ್ ಆಮ್ಲದಿಂದ ರಕ್ತಾರ್ಬುದವು ಉಲ್ಬಣಿಸುವುದನ್ನು ಕಂಡು, ಅದರ ವಿರೋಧಿಯಾದ ದ್ರವ್ಯದಿಂದ ರೋಗವು ಇಳಿಯಬೇಕೆಂದು ಊಹಿಸಿದನು. ೧೯೪೭ರ ಡಿಸೆಂಬರಿನಿಂದ ಅಮಿನಾಪ್ಟರಿನ್ನನ್ನು ಕೊಡಲಾಯಿತು. ೧೬ ಮಕ್ಕಳಿಗೆ ಕೊಟ್ಟುದರಲ್ಲಿ ೧೦ ಮಂದಿಗೆ ಗುಣ ಕಂಡಿತೆಂದು ೧೯೪೮ರ ಜೂನ್ ೩ರಂದು ವರದಿಯು ಪ್ರಕಟವಾಯಿತು. ಇದಾದ ಎರಡೇ ತಿಂಗಳಿಗೆ ಸುಬ್ಬರಾಯರು ಕಾಲವಾದರು.

ಆ ವರದಿಯ ಶಿರೋನಾಮೆಯಲ್ಲಿಯೇ ಗುಣವು ತಾತ್ಕಾಲಿಕವೆಂದು ಹೇಳಿದ್ದಿತು. ಮಗುವು ಎದ್ದು ಓಡಾಡಿತು, ಹೊಟ್ಟೆ ತುಂಬ ಉಂಡಿತು. ಕೆಲವು ತಿಂಗಳಾದ ಮೇಲೆ ರೋಗವು ಮರುಕಳಿಸಿತು. ಆ ಹದಿನಾರು ಮನೆಗಳ ತಾಯಿತಂದೆಗಳ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಅವರ ಮುಂದೆ ಹಿಂದಿನ ನಿದರ್ಶನವೊಂದೂ ಇರಲಿಲ್ಲ. ಔಷಧವು ವಿಷಪ್ರಾಯವಾದುದು, ಬಾಯಿಯಲ್ಲಿ ಹುಣ್ಣೇಳಿಸುವುದು. ಮಜ್ಜೆಯನ್ನು ಪರೀಕ್ಷಿಸಲು ಪದೇಪದೇ ಎಲುಬಿಗೆ ಸೂಜಿ ಚುಚ್ಚಬೇಕು. ಬೇಡವೆಂದರೆ ಮರಣವು ನಿಶ್ಚಿತ; ಬೇಕೆಂದರೆ ನೋವು ನಿಶ್ಚಿತ, ಫಲವು ಸಂದಿಗ್ಧ. ಇಂಥ ಸಂದರ್ಭದಲ್ಲಿ ಅವರು ಒಪ್ಪಿ ಮಕ್ಕಳನ್ನು ಕರೆತಂದರು. ಗುಣವಾದಂತೆ ಕಂಡ ಮೇಲೂ ಕರೆತಂದರು. ಗುಣ ಕಂಡ ಮೇಲೆ ಕರೆತರುವುದನ್ನು ನಿಲ್ಲಿಸಿದ್ದರೆ, ಆ ಗುಣವು ಎಷ್ಟು ದಿನ ನಿಲ್ಲುವುದು, ಎಂದು ಮರುಕಳಿಸುವುದು ಎಂಬ ಜ್ಞಾನವೇ ಲೋಕಕ್ಕೆ ದೊರೆಯುತ್ತಿರಲಿಲ್ಲ.

ಫಾರ್ಬರನು ಇದನ್ನು ಅರಿತವನಾಗಿದ್ದನು. ರೋಗಿಯೊಬ್ಬನನ್ನೇ ಅಲ್ಲದೆ ಅವನ ಕುಟುಂಬವನ್ನೂ ಆರೈಕೆಗೆ ಒಳಪಡಿಸಬೇಕೆಂದು ಅವನು ಸಾಧಿಸಿದನು. ಈ ಕ್ರಮವನ್ನು ಸಮಗ್ರ ಪೋಷಣೆಯೆಂದು ಕರೆದನು. ೧೯೪೮ರ ಮೇ ೨೨ರಂದು ರೇಡಿಯೋದಲ್ಲಿ ಅವನ ರೋಗಿಯಾದ ಬಾಲಕನೊಬ್ಬನು ‘ಜಿಮ್ಮಿ’ ಎಂಬ ಕಲ್ಪಿತನಾಮದಿಂದ ಮಾತನಾಡಲು ಜನರಿಂದ ಹಣವು ಹರಿದು ಬಂದಿತು; ಆ ನಿಧಿಯಿಂದ ೧೯೫೨ರಲ್ಲಿ ಮಕ್ಕಳ ಅರ್ಬುದರೋಗಕ್ಕೆ ಪ್ರತ್ಯೇಕವಾದ ಚಿಕಿತ್ಸಾಲಯವು ಎದ್ದಿತು. ಹೀಗೆಯೇ ಹದಿನಾರು ವರ್ಷದ ಮಗನನ್ನು ೧೯೪೪ರಲ್ಲಿ ಈ ರೋಗಕ್ಕೆ ಕಳೆದುಕೊಂಡ ನ್ಯೂಯಾರ್ಕಿನ ಡಿ ವಿಲಿಯರ್ಸ್ ದಂಪತಿಗಳು ೧೯೪೯ರಲ್ಲಿ ಮಗನ ಹೆಸರಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ರಕ್ತಾರ್ಬುದದ ಸಂಶೋಧನೆಗೆ ಧನಸಹಾಯ ಮಾಡುವ ಅಮೆರಿಕಾದ ದೊಡ್ಡ ಸಂಘವೊಂದು ಅದರಿಂದಲೇ ಬೆಳೆಯಿತು. ಶೋಕವು ದತ್ತಿಯಾಗಿ ಪರಿಣಮಿಸುವುದು ನಮ್ಮವರಿಗೆ ಹೊಸದಲ್ಲ. ಮಡಿದವರ ಹೆಸರಿನಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸಿದ ಶಾಸನಗಳು ಈ ನಾಡಿನಲ್ಲಿ ಉಂಟಷ್ಟೆ.

೩

ಮಗುವಿನ ಬಳಿಯಲ್ಲಿ ತಾಯಿಯು ಇರಬೇಕೆಂಬುದು ಈಗ ಯಾರೂ ಚರ್ಚಿಸದ ಮಾತು. ಆಗಿನ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಹಾಗಿರಲಿಲ್ಲ. ತಾಯಿತಂದೆಗಳು ಸೋಂಕನ್ನು ತರುವರು, ಅವರು ಹೊರಟಾಗ ಮಗುವು ಅಳುವುದು, ದಾದಿಯರ ಕೆಲಸಕ್ಕೆ ಅಡ್ಡಿಯಾಗುವುದು ಎಂಬ ಕಾರಣಗಳಿಂದ ನೋಡಲು ಬರುವ ಹೊತ್ತನ್ನು ಬಹಳವಾಗಿ ಮಿತಗೊಳಿಸಿದ್ದರು. ಇಂಗ್ಲೆಂಡಿನ ನ್ಯೂಕಾಸಲಿನಲ್ಲಿ ಜೇಮ್ಸ್ ಸ್ಪೆನ್ಸ್ ಎಂಬ ವೈದ್ಯನು ತಾಯಂದಿರನ್ನು ಕೂಸುಗಳೊಡನೆಯೇ ಇರಿಸಿಕೊಂಡು ಚಿಕಿತ್ಸೆ ಮಾಡುತ್ತಿದ್ದುದು ಅಪವಾದವೆನಿಸಿದ್ದಿತು. ೧೯೫೨ರಲ್ಲಿ ಜೇಮ್ಸ್ ರಾಬರ್ಟ್‌ಸನ್ನನು ತಾಯಿಯಿಂದ ಅಗಲಿ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಮಗುವೊಂದರ ಚಲಚ್ಚಿತ್ರವನ್ನು ತೆಗೆದು ವೈದ್ಯರಿಗೆ ತೋರಿಸಿದನು. ಆ ಮಗುವಿನ ಮೌನವಾದ ದುಃಖವು ಅನೇಕರ ಕಣ್ಣು ತೆರೆಯಿಸಿತು. ೧೯೫೯ರಲ್ಲಿ ಬ್ರಿಟನ್ನಿನ ಪ್ಲ್ಯಾಟ್ ಸಮಿತಿಯು ತಾಯಿತಂದೆಗಳಿಗೆ ನಿರ್ಬಂಧವಿಲ್ಲದೆ ಪ್ರವೇಶ ಕೊಡಬೇಕೆಂದು ಸಲಹೆ ಮಾಡಿತು.

ಅರ್ಬುದರೋಗದ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಕ್ಯಾಲಿಫೋರ್ನಿಯಾದ ‘ಸಿಟಿ ಆಫ್ ಹೋಪ್’ ಆಸ್ಪತ್ರೆಯವರು. ಮಕ್ಕಳ ಶುಶ್ರೂಷೆಯಲ್ಲಿ ತಾಯಿತಂದೆಗಳಿಗೇ ಪಾಲು ಕೊಟ್ಟು, ಅದರ ಪರಿಣಾಮವನ್ನು ಆಲ್ಫ್ರೆಡ್ ಕ್ನುಡ್ಸನ್ ಮತ್ತು ಜೋಸೆಫ್ ನ್ಯಾಟರ್ಸನ್ ಎಂಬ ವೈದ್ಯರು ೧೯೬೦ರಲ್ಲಿ ಪ್ರಕಟಿಸಿದರು. ಈ ಕ್ರಮವು ಮಗುವಿಗೂ ಮನೆಯವರಿಗೂ ಆಸ್ಪತ್ರೆಯವರಿಗೂ ಹಿತವೆಂದು ಅವರಿಗೆ ಕಂಡಿತು. ಕಣ್ಣಿನ ಅರ್ಬುದವೊಂದರ ಆನುವಂಶಿಕತೆಯನ್ನು ವಿವರಿಸುವ ಪ್ರಸಿದ್ಧ ಸಿದ್ಧಾಂತವನ್ನು ೧೯೭೧ರಲ್ಲಿ ಮಂಡಿಸಿದವನೂ ಈ ಕ್ನುಡ್ಸನ್ನನೇ. ಸೂಕ್ಷ್ಮಾತಿಸೂಕ್ಷ್ಮವಾದ ಜೀವಾಣುವಿಚಾರವನ್ನು ಶೋಧಿಸಿದ ಬುದ್ಧಿಯು ಅದಕ್ಕೆ ಮುಂಚೆ ತಾಯಿಯ ಹಾಸಿಗೆಯನ್ನು ಎಲ್ಲಿ ಹಾಕಬೇಕೆಂಬುದನ್ನೂ ವಿಚಾರಯೋಗ್ಯವೆಂದು ಎಣಿಸಿದ್ದಿತು.

ವಾಷಿಂಗ್ಟನ್ನಿನ ಬಳಿಯ ಬೆಥೆಸ್ಡಾದಲ್ಲಿ ೧೯೫೩ರಲ್ಲಿ ಸರ್ಕಾರದ ಸಂಶೋಧನಾಸ್ಪತ್ರೆಯು ತೆರೆಯಿತು. ದೂರದ ಊರುಗಳಿಂದ ಮಕ್ಕಳನ್ನು ಕರೆತಂದ ತಾಯಿತಂದೆಗಳಲ್ಲಿ ಕೆಲವರನ್ನು ಅಲ್ಲಿಯೇ ಇರಿಸಿಕೊಂಡು ಅವರ ಮನಸ್ಸಿನ ಸ್ಥಿತಿಯನ್ನು ಪರಿಶೀಲಿಸಿದರು. ೪೬ ಮಂದಿ ತಾಯಿತಂದೆಗಳನ್ನು ಕುರಿತ ಆ ಪರಿಶೀಲನೆಯು ೧೯೬೩ರಲ್ಲಿ ಹೊರಬಂದಿತು. ಪಕ್ಕದ ಹಾಸಿಗೆಯ ಮಗುವಿನ ತಾಯಿಯಿಂದ ಇನ್ನೊಬ್ಬ ತಾಯಿಗೆ ದೊರೆಯುವ ಸಾಂತ್ವನವೂ ತಿಳಿವಳಿಕೆಯೂ ಎಷ್ಟು ಮಹತ್ತ್ವದ್ದೆಂಬುದನ್ನು ಆ ಲೇಖನವು ದಾಖಲಿಸಿರುವುದು. ರೋಗಿಯ ಮೇಲೆ ನಡೆಯುವ ಪ್ರಯೋಗದಲ್ಲಿ ಪರಿಚಾರಕನೂ ಪರೀಕ್ಷೆಗೆ ಒಳಗಾಗುವನೆಂಬುದನ್ನು ವಿಜ್ಞಾನವು ಒಪ್ಪಿದ ಮೊದಲ ಸಂದರ್ಭಗಳಲ್ಲಿ ಇದೊಂದು.

೪

ಅದೇ ಬೆಥೆಸ್ಡಾದಲ್ಲಿ ಎಮಿಲ್ ಫ್ರೈ, ಎಮಿಲ್ ಫ್ರೈರೈಕ್ ಎಂಬ ಇಬ್ಬರು ವೈದ್ಯರು ನಾಲ್ಕು ಔಷಧಗಳನ್ನು ಏಕಕಾಲದಲ್ಲಿ ಕೊಡುವ ಸಾಹಸವನ್ನು ೧೯೬೦ರ ದಶಕದ ಆರಂಭದಲ್ಲಿ ಕೈಗೊಂಡರು. ಔಷಧಗಳು ರೋಗವನ್ನು ಅಡಗಿಸುವ ಮೊದಲೇ ಮಕ್ಕಳು ರಕ್ತಸ್ರಾವದಿಂದ ಸಾಯುತ್ತಿದ್ದುದು ಅವರಿಗೆ ದೊಡ್ಡ ತೊಡಕಾಗಿದ್ದಿತು. ಹೊಸದಾಗಿ ತೆಗೆದ ರಕ್ತದ ಪ್ಲೇಟ್‌ಲೆಟ್ಟುಗಳನ್ನು ಕೊಟ್ಟರೆ ಸ್ರಾವವು ನಿಲ್ಲುವುದೆಂದು ಫ್ರೈರೈಕನು ತೋರಿಸಿದನು. ಆದರೆ ಈ ಕಣಗಳು ಬಹುಕಾಲ ಉಳಿಯತಕ್ಕವಲ್ಲ. ದಾನಿಗಳು ಪದೇಪದೇ ಬೇಕಾಗುವರು. ಮೊದಲು ತೋಳು ಚಾಚುವವರು ತಂದೆ, ತಾಯಿ, ಸೋದರಮಾವ, ನೆರೆಮನೆಯವರು. ಔಷಧದ ಪರೀಕ್ಷೆಯು ನಡೆಯಬೇಕಾದರೆ ರೋಗಿಯು ಬದುಕಿರಬೇಕು. ಅವನನ್ನು ಬದುಕಿಸಿಡುವ ದ್ರವ್ಯವು ಯಾವ ಕಾರ್ಖಾನೆಯಿಂದಲೂ ಬರುವಂತಿರಲಿಲ್ಲ.

ಬಿಳಿಯ ಕಣಗಳನ್ನು ಒದಗಿಸುವುದು ಇನ್ನೂ ಕಷ್ಟವಾಗಿದ್ದಿತು. ಈ ಕಷ್ಟಕ್ಕೆ ಪರಿಹಾರವು ಬಂದುದು ಒಬ್ಬ ತಂದೆಯಿಂದ. ಜಾರ್ಜ್ ಜಡ್ಸನ್ನನು ಐ.ಬಿ.ಎಂ. ಎಂಬ ಗಣಕಯಂತ್ರಗಳ ಕಂಪನಿಯಲ್ಲಿ ಎಂಜಿನಿಯರು. ಅವನ ಮಗನಿಗೆ ೧೯೬೨ರಲ್ಲಿ ರಕ್ತಾರ್ಬುದವೆಂದು ಗೊತ್ತಾಗಿ ಬೆಥೆಸ್ಡಾದಲ್ಲಿ ಚಿಕಿತ್ಸೆಯು ನಡೆಯುತ್ತಿದ್ದಿತು. ರಕ್ತದಿಂದ ಕಣಗಳನ್ನು ಬೇರ್ಪಡಿಸಲು ವೈದ್ಯರು ಪಡುತ್ತಿದ್ದ ಪಾಡನ್ನು ಅವನು ಮಗನ ಬಳಿಯಲ್ಲಿದ್ದುಕೊಂಡೇ ನೋಡಿದನು. ಮೊಸರು ಕಡೆಯುವಾಗ ಬೆಣ್ಣೆಯು ಬೇರೆಯಾಗುವುದನ್ನು ಕಂಡವರಿಗೆ ಇದರ ತತ್ತ್ವವು ತಿಳಿಯದಿರದು: ರಕ್ತವನ್ನು ವೇಗವಾಗಿ ತಿರುಗಿಸಿದರೆ ಭಾರದ ವ್ಯತ್ಯಾಸದಿಂದ ಕೆಂಪು ಕಣ, ಬಿಳಿಯ ಕಣ, ದ್ರವ ಇವು ಪದರಪದರವಾಗಿ ನಿಲ್ಲುವುವು. ದಾನಿಯ ಒಂದು ತೋಳಿನಿಂದ ರಕ್ತವು ನಿರಂತರವಾಗಿ ಬಂದು, ಯಂತ್ರದಲ್ಲಿ ತಿರುಗಿ, ಬೇಕಾದ ಕಣಗಳನ್ನು ಬಿಟ್ಟು, ಉಳಿದದ್ದು ಇನ್ನೊಂದು ತೋಳಿಗೆ ಮರಳುವಂತೆ ಮಾಡಬಹುದೆಂದು ಜಡ್ಸನ್ನನು ಸೂಚಿಸಿದನು. ಕಂಪನಿಯ ಅನುಮತಿಯನ್ನು ಪಡೆದು ಫ್ರೈರೈಕನೊಡನೆ ದುಡಿದನು. ೧೯೬೫ರಲ್ಲಿ ಯಂತ್ರವು ಪ್ರಕಟವಾಯಿತು. ಇಂದು ಬೆಂಗಳೂರು ಹುಬ್ಬಳ್ಳಿಗಳ ರಕ್ತನಿಧಿಗಳಲ್ಲಿ ಒಬ್ಬನೇ ದಾನಿಯಿಂದ ಪ್ಲೇಟ್‌ಲೆಟ್ಟುಗಳನ್ನು ತೆಗೆಯುವ ಯಂತ್ರಗಳು ಅದೇ ವಂಶದವು.

ಮಜ್ಜೆಯನ್ನೇ ಬದಲಾಯಿಸುವ ಚಿಕಿತ್ಸೆಯಲ್ಲಿ ಈ ಸಂಬಂಧವು ಇನ್ನೂ ಗಾಢವಾಯಿತು. ಡೊನಾಲ್ ಥಾಮಸ್ ಎಂಬ ವೈದ್ಯನು ೧೯೫೦ರ ದಶಕದಿಂದ ಹಲವು ವಿಫಲತೆಗಳನ್ನು ದಾಟಿ ಈ ಚಿಕಿತ್ಸೆಯನ್ನು ಸಾಧಿಸಿ ೧೯೯೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಹೊಂದಿಕೆಯಾಗುವ ಮಜ್ಜೆಯನ್ನು ಮೊದಲು ಹುಡುಕುವುದು ಒಡಹುಟ್ಟಿದವರಲ್ಲಿ. ಇಲ್ಲಿ ಚತುಷ್ಪಾದದ ವ್ಯವಸ್ಥೆಯೇ ಬೆರೆತುಹೋಗುವುದು: ಪರಿಚಾರಕನಾಗಿ ಬಂದ ಅಣ್ಣನೋ ತಂಗಿಯೋ ತಾನೇ ಔಷಧವಾಗಿಬಿಡುವರು.

೫

ಆಸ್ಪತ್ರೆಯೊಳಗಿನ ಕಥೆಯು ಹೀಗಾದರೆ, ಅದಕ್ಕಿಂತ ದೀರ್ಘವಾದುದು ಮನೆಯೊಳಗಿನ ಕಥೆ. ೧೯೬೨ರ ಫೆಬ್ರವರಿ ೪ರಂದು ಮೆಂಫಿಸ್ ನಗರದಲ್ಲಿ ಡ್ಯಾನಿ ಥಾಮಸ್ ಎಂಬ ನಟನ ಪ್ರಯತ್ನದಿಂದ ಸೇಂಟ್ ಜೂಡ್ ಆಸ್ಪತ್ರೆಯು ತೆರೆಯಿತು. ಬಿಳಿಯರು ಕರಿಯರು ಎಂಬ ಭೇದವಿಲ್ಲದೆ ಅಲ್ಲಿ ಮಕ್ಕಳನ್ನು ಸೇರಿಸಿಕೊಂಡರು. ಚಿಕಿತ್ಸೆಯ ಹಣವನ್ನು ಮನೆಯವರಿಂದ ಕೇಳುವುದಿಲ್ಲವೆಂಬ ನಿಯಮವನ್ನಿಟ್ಟುಕೊಂಡರು. ಮೊದಲನೆಯ ನಿರ್ದೇಶಕನಾದ ಡೊನಾಲ್ಡ್ ಪಿಂಕಲನು ರೋಗವನ್ನು ತಾತ್ಕಾಲಿಕವಾಗಿ ತಗ್ಗಿಸುವುದರಲ್ಲಿ ತೃಪ್ತನಾಗದೆ, ಬೇರುಸಹಿತ ಕೀಳುವ ಸಂಕಲ್ಪದಿಂದ ಪ್ರಯೋಗಗಳನ್ನು ಒಂದರ ಮೇಲೊಂದರಂತೆ ನಡೆಸಿದನು. ೧೯೬೭-೬೮ರಲ್ಲಿ ನಡೆದ ಐದನೆಯ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಸಂಪೂರ್ಣವಾಗಿ ಗುಣ ಹೊಂದಿದರು. ಇಪ್ಪತ್ತು ವರ್ಷಗಳ ಹಿಂದೆ ಒಬ್ಬರೂ ಉಳಿಯದಿದ್ದ ರೋಗವದು.

ಪಿಂಕಲನ ಚಿಕಿತ್ಸೆಯ ಮೊದಲ ಘಟ್ಟವು ಆಸ್ಪತ್ರೆಯಲ್ಲಿ ಕೆಲವು ವಾರಗಳಲ್ಲಿ ಮುಗಿಯುವುದು. ಆಮೇಲೆ ಎರಡು ಮೂರು ವರ್ಷಗಳ ಕಾಲ ಪೋಷಕಚಿಕಿತ್ಸೆಯು ನಡೆಯಬೇಕು. ಹಿಚಿಂಗ್ಸ್, ಎಲಿಯನ್ ಎಂಬುವರು ೧೯೫೦ರ ದಶಕದ ಆರಂಭದಲ್ಲಿ ಕೊಟ್ಟ ಮೆರ್ಕಾಪ್ಟೊಪ್ಯೂರಿನ್ ಎಂಬ ಮಾತ್ರೆಯನ್ನು ಪ್ರತಿದಿನವೂ, ಅಮಿನಾಪ್ಟರಿನ್ನಿನ ಸೋದರಸಂಬಂಧಿಯಾದ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆಯೂ ಕೊಡಬೇಕು. ಇದನ್ನು ಕೊಡುವವರು ದಾದಿಯರಲ್ಲ, ಮನೆಯವರು. ಮಗುವು ಆಟವಾಡುತ್ತಿದೆ, ಶಾಲೆಗೆ ಹೋಗುತ್ತಿದೆ. ನೋಡಿದವರು ಇದಕ್ಕೇನು ರೋಗವೆಂದು ಕೇಳುವರು. ಹೀಗಿರುವಾಗ, ವಾಂತಿ ಬರಿಸುವ ಮಾತ್ರೆಯನ್ನು ಸಾವಿರ ರಾತ್ರಿಗಳು ಬಿಡದೆ ನುಂಗಿಸಬೇಕು. ಮೈ ಬಿಸಿಯಾದರೆ ಸಾಮಾನ್ಯ ಜ್ವರವೆಂದು ಕಷಾಯ ಕೊಟ್ಟು ಬೆಳಗಿನ ವರೆಗೆ ಕಾಯದೆ ಆ ಹೊತ್ತಿಗೇ ಆಸ್ಪತ್ರೆಗೆ ಓಡಬೇಕು. ಏಕೆಂದರೆ ಬಿಳಿಯ ಕಣಗಳು ಕಡಿಮೆಯಾಗಿರುವ ಮಗುವಿಗೆ ಒಂದು ರಾತ್ರಿಯ ಸೋಂಕೂ ಪ್ರಾಣಾಂತಕವಾಗಬಲ್ಲುದು. ಚರಕನು ಹೇಳಿದ ಉಪಚಾರಜ್ಞತೆಯೆಂದರೆ ಇದೇ.

ಈ ರಾತ್ರಿಯ ಮಾತ್ರೆಗೆ ಎಷ್ಟು ಬೆಲೆಯೆಂಬುದನ್ನು ಅಳೆದವರು ಬಹುಕಾಲದ ಮೇಲೆ ಬಂದರು. ದೆಹಲಿಯಲ್ಲಿ ವೈದ್ಯವನ್ನು ಕಲಿತು ಅಮೆರಿಕಾದಲ್ಲಿ ನೆಲೆಸಿದ ಸ್ಮಿತಾ ಭಾಟಿಯಾ ಎಂಬ ವೈದ್ಯೆಯೂ ಅವರ ಸಂಗಡಿಗರೂ ಮಾತ್ರೆಯ ಸೀಸೆಯ ಮುಚ್ಚಳದಲ್ಲಿ ಸೂಕ್ಷ್ಮವಾದ ವಿದ್ಯುದ್ಯಂತ್ರವನ್ನಿರಿಸಿ, ಯಾವ ದಿನ ಸೀಸೆಯನ್ನು ತೆರೆದರು, ಯಾವ ದಿನ ತೆರೆಯಲಿಲ್ಲ ಎಂಬುದನ್ನು ಗುರುತಿಸಿದರು. ಕೊಡಬೇಕಾದ ಮಾತ್ರೆಗಳಲ್ಲಿ ನೂರಕ್ಕೆ ೯೫ಕ್ಕಿಂತ ಕಡಿಮೆ ಕೊಟ್ಟ ಮಕ್ಕಳಲ್ಲಿ ರೋಗವು ಮರುಕಳಿಸುವ ಸಂಭವವು ಬಹಳ ಹೆಚ್ಚೆಂದು ೨೦೧೨ರಿಂದ ಪ್ರಕಟವಾದ ಅವರ ಲೇಖನಗಳಿಂದ ಸಿದ್ಧವಾಯಿತು. ನೂರಕ್ಕೆ ಐದು ಎಂದರೆ ತಿಂಗಳಿಗೆ ಒಂದೂವರೆ ಮಾತ್ರೆ. ಮದುವೆಯ ಮನೆಗೆ ಹೋದ ದಿನ ಒಂದು, ಊರಿಗೆ ಹೊರಟ ಗಡಿಬಿಡಿಯಲ್ಲಿ ಇನ್ನೊಂದು ತಪ್ಪಿದರೆ ಮಿತಿಯು ಮೀರಿತು. ಜಗತ್ತಿನ ಶ್ರೇಷ್ಠ ಪ್ರಯೋಗಾಲಯಗಳಲ್ಲಿ ಹುಟ್ಟಿದ ಔಷಧದ ಸಿದ್ಧಿಯು ಕೊನೆಗೆ ಅಡಿಗೆಮನೆಯ ಗೂಡಿನಲ್ಲಿರುವ ಸೀಸೆಯನ್ನೂ ಅದನ್ನು ನೆನಪಿಟ್ಟು ತೆರೆಯುವ ಕೈಯನ್ನೂ ಅವಲಂಬಿಸಿರುವುದು.

ಮನೆಯವರು ತಮ್ಮತಮ್ಮೊಳಗೆ ಕೂಡಿಕೊಂಡುದೂ ಈ ಕಾಲದಲ್ಲಿಯೇ. ೧೯೭೦ರಲ್ಲಿ ವಾಷಿಂಗ್ಟನ್ನಿನಲ್ಲಿ ಮಕ್ಕಳ ತಾಯಿತಂದೆಗಳು ‘ದೀಪ ಹಚ್ಚುವವರು’ ಎಂಬ ಅರ್ಥದ ಹೆಸರಿನ ಸಂಘವನ್ನು ಕಟ್ಟಿದರು. ೧೯೭೪ರಲ್ಲಿ ಫಿಲಡೆಲ್ಫಿಯಾದಲ್ಲಿ ಆಡ್ರಿ ಇವಾನ್ಸ್ ಎಂಬ ವೈದ್ಯೆಯೂ, ಮಗಳ ರಕ್ತಾರ್ಬುದದಿಂದ ಆಸ್ಪತ್ರೆಯ ಬಾಗಿಲಿನಲ್ಲಿ ದಿನಗಳನ್ನು ಕಳೆದಿದ್ದ ಫ್ರೆಡ್ ಹಿಲ್ ಎಂಬ ಚೆಂಡಾಟಗಾರನೂ ಸೇರಿ, ದೂರದಿಂದ ಬಂದ ತಾಯಿತಂದೆಗಳು ತಂಗಲು ಒಂದು ಮನೆಯನ್ನು ತೆರೆಯಿಸಿದರು. ಅಂಥ ಮನೆಗಳು ಇಂದು ಅನೇಕ ದೇಶಗಳಲ್ಲಿರುವುವು.

೬

ಪಶ್ಚಿಮದಲ್ಲಿ ಹೊಸದೆನಿಸಿದ ಈ ತಂಗುಮನೆಯು ಭಾರತದಲ್ಲಿ ಧರ್ಮಶಾಲೆಯೆಂಬ ಹೆಸರಿನಿಂದ ಮೊದಲೇ ಇದ್ದಿತು. ಬೊಂಬಾಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಲ್ಲಿ ತೆರೆಯಿತು. ಬಂಗಾಳ ಬಿಹಾರಗಳಿಂದಲೂ, ಕರ್ಣಾಟಕದ ಬೆಳಗಾವಿ ವಿಜಯಪುರ ಕಲಬುರ್ಗಿಯ ಕಡೆಗಳಿಂದಲೂ ಅಲ್ಲಿಗೆ ರೋಗಿಗಳು ಹೋಗುವರು. ದಾದರಿನಲ್ಲಿ ಸಂತ ಗಾಡಗೇ ಮಹಾರಾಜರ ಹೆಸರಿನ ಧರ್ಮಶಾಲೆಯು ಅವರಲ್ಲಿ ಅನೇಕರಿಗೆ ಆಶ್ರಯವಾಗಿರುವುದು. ಅಲ್ಲಿ ಸ್ಥಳ ಸಿಕ್ಕದವರು ಆಸ್ಪತ್ರೆಯ ಮುಂದಣ ಕಾಲುದಾರಿಯಲ್ಲಿಯೇ ಒಲೆ ಹೂಡಿ ಮಲಗಿದುದನ್ನು ಆ ನಗರಕ್ಕೆ ಹೋದವರು ನೋಡಿರುವರು.

ವಾಗ್ಭಟನು ರೋಗಿಯ ಗುಣಗಳನ್ನು ಎಣಿಸುವಾಗ ಅವನು ಧನವಂತನಾಗಿರಬೇಕೆಂಬುದನ್ನೂ ಸೇರಿಸಿರುವನು. ಇದು ನಿಷ್ಠುರವೆನಿಸಿದರೂ ಅನುಭವದ ಮಾತು. ೧೯೭೦ರ ದಶಕದಲ್ಲಿ ಭಾರತದ ದೊಡ್ಡ ಆಸ್ಪತ್ರೆಗಳಲ್ಲಿಯೂ ರಕ್ತಾರ್ಬುದದ ಮಕ್ಕಳಲ್ಲಿ ರೋಗವು ಮರುಕಳಿಸದೆ ನಾಲ್ಕು ವರ್ಷ ಕಳೆಯುವವರು ನೂರಕ್ಕೆ ೨೦ಕ್ಕಿಂತ ಕಡಿಮೆಯಾಗಿದ್ದರು. ೧೯೮೪ರಲ್ಲಿ ಬೊಂಬಾಯಿಯ ಟಾಟಾ ಸ್ಮಾರಕ, ಮದರಾಸಿನ ಅಡಯಾರ್ ಕ್ಯಾನ್ಸರ್ ಸಂಸ್ಥೆ, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಈ ಮೂರೂ ಅಮೆರಿಕಾದ ಇಯಾನ್ ಮೆಗ್ರಾತನ ಸಹಕಾರದಿಂದ ಒಂದೇ ನಿಯಮಾವಳಿಯನ್ನು ಅನುಸರಿಸಿದುವು. ಅಡಯಾರಿನ ವಿ. ಶಾಂತಾ, ಟಾಟಾದ ಸುರೇಶ ಆಡ್ವಾಣಿ ಮೊದಲಾದವರು ಇದರಲ್ಲಿ ಪ್ರಮುಖರು. ೧೯೯೦ರಿಂದ ೧೯೯೭ರ ವರೆಗೆ ಈ ಕ್ರಮದಿಂದ ಚಿಕಿತ್ಸೆ ಪಡೆದ ಸಾವಿರಕ್ಕೂ ಮೇಲ್ಪಟ್ಟ ರೋಗಿಗಳಲ್ಲಿ ಮೊದಲಿಗಿಂತ ಎಷ್ಟೋ ಹೆಚ್ಚು ಮಂದಿ ನಾಲ್ಕು ವರ್ಷಗಳನ್ನು ನಿರಾತಂಕವಾಗಿ ದಾ‌ಟಿದರು.

ಈ ಏರಿಕೆಗೆ ಔಷಧಗಳೊಂದೇ ಕಾರಣವಲ್ಲ. ಸೋಂಕು ರಕ್ತಸ್ರಾವಗಳನ್ನು ಎದುರಿಸುವ ಪೋಷಣೆಯೂ ಸುಧಾರಿಸಿದ್ದಿತು. ಆದರೂ ಗುಣ ಹೊಂದಬಹುದಾಗಿದ್ದ ಅನೇಕ ಮಕ್ಕಳು ನಡುವೆಯೇ ಚಿಕಿತ್ಸೆಯನ್ನು ಬಿಟ್ಟುಹೋದರೆಂಬುದು ಈ ದೇಶದ ವೈದ್ಯರು ಮತ್ತೆ ಮತ್ತೆ ಬರೆದಿರುವ ಸಂಗತಿ. ಬಿಟ್ಟುಹೋಗುವಿಕೆಗೆ ಅಜ್ಞಾನವೇ ಕಾರಣವೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ತಂದೆಯು ಕೂಲಿಯವನಾದರೆ ಆಸ್ಪತ್ರೆಯಲ್ಲಿ ಕಳೆದ ಪ್ರತಿಯೊಂದು ದಿನದ ಕೂಲಿಯೂ ನಷ್ಟ. ತಾಯಿಯು ರೋಗಿಯೊಡನೆ ಬಂದರೆ ಊರಿನಲ್ಲಿ ಉಳಿದ ಮಕ್ಕಳಿಗೆ ದಿಕ್ಕಿಲ್ಲ. ಮಾತ್ರೆಯು ಪುಕ್ಕಟೆಯಾಗಿ ಸಿಕ್ಕಿದರೂ ಬಸ್ಸಿನ ಚಾರ್ಜು, ಊಟ, ಬಾಡಿಗೆ ಪುಕ್ಕಟೆಯಲ್ಲ. ಮೊದಲು ಓಲೆ ಬಳೆಗಳು ಹೋಗುವುವು, ಆಮೇಲೆ ಎತ್ತು, ಆಮೇಲೆ ಹೊಲ. ಮಗುವು ನಗುನಗುತ್ತಾ ಓಡಾಡುವುದನ್ನು ಕಂಡಾಗ, ಇನ್ನೂ ಎರಡು ವರ್ಷ ಏತಕ್ಕೆ ಎಂಬ ಹಿರಿಯರ ಪ್ರಶ್ನೆಗೆ ತಾಯಿಯು ಉತ್ತರ ಕೊಡಲಾರಳು. ಹೀಗೆ ನಿಂತ ಚಿಕಿತ್ಸೆಯನ್ನು ಪ್ರಯೋಗದ ಪುಸ್ತಕದಲ್ಲಿ ಔಷಧದ ಸೋಲೆಂದು ಬರೆದರೂ ಸುಳ್ಳು, ರೋಗಿಯ ತಪ್ಪೆಂದು ಬರೆದರೂ ಸುಳ್ಳು. ಕುಸಿದುದು ಮೂರನೆಯ ಪಾದ.

ಇದನ್ನು ಅರಿತ ಕೆಲವರು ಕೆಲಸ ಮಾಡಿರುವರು. ಚಿಕಿತ್ಸೆಗೆ ಬಂದ ಮಕ್ಕಳನ್ನೂ ತಾಯಿತಂದೆಗಳನ್ನೂ ಪುಕ್ಕಟೆಯಾಗಿ ಇರಿಸಿಕೊಳ್ಳುವ ಮನೆಗಳನ್ನು ೨೦೦೬ರಲ್ಲಿ ಮುಂಬಯಿಯಲ್ಲಿ ಕವಿರತ್ನೆ ದಂಪತಿಗಳು ಆರಂಭಿಸಿದರು. ಅವು ಬೇರೆ ನಗರಗಳಿಗೂ ಹಬ್ಬಿದುವು. ೧೯೭೩ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯು ಸ್ಥಾಪಿತವಾದ ಮೇಲೆ ಕನ್ನಡ ಜನರಿಗೆ ದೂರವು ಎಷ್ಟೋ ತಗ್ಗಿತು. ಆದರೂ ಬೀದರಿನಿಂದ ಬೆಂಗಳೂರಿಗೆ ಬರುವ ತಾಯಿಗೆ ಒಂದು ರಾತ್ರಿಯ ಪ್ರಯಾಣವು ತಪ್ಪಲಿಲ್ಲ.

೭

ಇನ್ನು ಒಪ್ಪಿಗೆಯ ವಿಚಾರ. ಪ್ರಯೋಗಕ್ಕೆ ಸೇರುವವನು ತಿಳಿದು ಒಪ್ಪಬೇಕೆಂಬುದು ೧೯೬೪ರ ಹೆಲ್ಸಿಂಕಿ ಘೋಷಣೆಯಿಂದ ಸರ್ವಸಮ್ಮತವಾದ ಧರ್ಮ. ಮಕ್ಕಳ ಪರವಾಗಿ ತಾಯಿತಂದೆಗಳು ಅನುಮತಿ ಕೊಡಬೇಕು, ತಿಳಿಯಬಲ್ಲ ವಯಸ್ಸಿನ ಮಗುವಿನ ಸಮ್ಮತಿಯನ್ನೂ ಕೇಳಬೇಕು ಎಂದು ಅಮೆರಿಕಾದಲ್ಲಿ ೧೯೮೩ರಲ್ಲಿ ನಿಯಮವಾಯಿತು. ಭಾರತದಲ್ಲಿ ೨೦೧೯ರ ನಿಯಮಗಳ ಪ್ರಕಾರ ಪ್ರಯೋಗದ ಸ್ವರೂಪವನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಓದುಬರಹ ಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯು ಎದುರಿಗಿರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು.

ನಿಯಮಗಳು ಒಳ್ಳೆಯವೇ. ಆದರೆ ಸಹಿ ಮಾಡುವ ಕೈಯ ನಡುಕವನ್ನು ನಿಯಮವು ನಿಲ್ಲಿಸಲಾರದು. ವೈದ್ಯನು ಪ್ರಯೋಗವೆಂದು ಹೇಳುವನು. ತಾಯಿಯು ಚಿಕಿತ್ಸೆಯೆಂದು ಕೇಳಿಸಿಕೊಳ್ಳುವಳು. ಪ್ರಯೋಗದ ಮುಖ್ಯೋದ್ದೇಶವು ಮುಂದೆ ಬರುವ ರೋಗಿಗಳಿಗೆ ಜ್ಞಾನವನ್ನು ಒದಗಿಸುವುದು. ತಾಯಿಯ ಉದ್ದೇಶವು ತನ್ನ ಮಗುವು ಬದುಕುವುದು. ಇವೆರಡೂ ಒಂದೇ ದಾರಿಯಲ್ಲಿ ನಡೆಯಬಹುದು, ನಡೆಯದೆಯೂ ಇರಬಹುದು. ಈ ಭೇದವನ್ನು ಮುಚ್ಚದೆ ಹೇಳುವುದು ವೈದ್ಯನ ಧರ್ಮ. ಕೇಳಿ ತಿಳಿದ ಮೇಲೂ ಆಸೆಯನ್ನು ಬಿಡದಿರುವುದು ತಾಯಿಯ ಸ್ವಭಾವ. ಅದನ್ನು ಅವಿವೇಕವೆನ್ನಲಾಗದು. ೧೯೪೮ರ ಹದಿನಾರು ಮನೆಗಳವರಲ್ಲಿ ಆ ಆಸೆಯು ಇಲ್ಲದಿದ್ದರೆ ೧೯೬೮ರ ಮಕ್ಕಳು ಬದುಕುತ್ತಿರಲಿಲ್ಲ. ಅವರ ಮಕ್ಕಳು ಉಳಿಯಲಿಲ್ಲ. ಅವರ ಮಕ್ಕಳಿಂದ ದೊರೆತ ಜ್ಞಾನವು ಬೇರೆಯವರ ಮಕ್ಕಳನ್ನು ಉಳಿಸಿತು. ಇಂಥ ಋಣವನ್ನು ತೀರಿಸುವ ಬಗೆ ಯಾವುದು?

ತೀರಿಸುವುದು ಸಾಧ್ಯವಾಗದಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಾಧ್ಯವಿದೆ. ಪ್ರಯೋಗದ ಯೋಜನೆಯನ್ನು ಬರೆಯುವವರು ಔಷಧದ ವೆಚ್ಚದಂತೆಯೇ ಪರಿಚಾರಕನ ಪ್ರಯಾಣ, ವಸತಿ, ಕಳೆದುಹೋಗುವ ಕೂಲಿ ಇವುಗಳನ್ನೂ ಮೊದಲೇ ಎಣಿಸಬೇಕು. ಮನೆಯಲ್ಲಿ ಮಾತ್ರೆಯನ್ನು ಕೊಡತಕ್ಕವರಿಗೆ, ಜ್ವರವನ್ನು ನೋಡತಕ್ಕವರಿಗೆ ಅವರ ಭಾಷೆಯಲ್ಲಿ ಪಾಠ ಹೇಳಬೇಕು. ಎರಡು ವರ್ಷ ನಿದ್ದೆಗೆಟ್ಟ ತಾಯಿಯೂ ರೋಗಿಯಾಗಬಹುದೆಂಬುದನ್ನು ಮರೆಯಬಾರದು.

ವಿದ್ಯಾವಂತರ ಮನೆಗಳಿಗೂ ಇಲ್ಲಿ ಮಾಡಬೇಕಾದುದಿದೆ. ಬಂಧುಗಳಲ್ಲಿಯೋ ನೆರೆಯಲ್ಲಿಯೋ ಇಂಥ ಚಿಕಿತ್ಸೆಗೆ ಸೇರಿದವರಿದ್ದರೆ, ಹಣ್ಣುಹಂಪಲು ಹಿಡಿದು ಒಂದು ಸಲ ನೋಡಿಬಂದರೆ ಸಾಲದು. ಒಪ್ಪಿಗೆಯ ಪತ್ರವನ್ನು ಅವರೊಡನೆ ಕುಳಿತು ಓದಿ, ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಡಬಹುದು. ಊರಿನಲ್ಲಿ ಉಳಿದ ಮಕ್ಕಳನ್ನು ಒಂದು ತಿಂಗಳು ತಮ್ಮ ಮನೆಯಲ್ಲಿಟ್ಟುಕೊಳ್ಳಬಹುದು. ತಾಯಿಯು ಒಂದು ರಾತ್ರಿ ಮಲಗುವಂತೆ ಆಸ್ಪತ್ರೆಯಲ್ಲಿ ಅವಳ ಬದಲು ಕುಳಿತಿರಬಹುದು. ಹೀಗೆ ಮಾಡಿದವರ ಹೆಸರುಗಳು ವೈದ್ಯಶಾಸ್ತ್ರದ ಯಾವ ವರದಿಯಲ್ಲಿಯೂ ಬರುವುದಿಲ್ಲ. ಆದರೆ ಆ ಮಗುವು ತಪ್ಪದೆ ಮಾತ್ರೆಯನ್ನು ನುಂಗಿದ ದಿನಗಳ ಎಣಿಕೆಯಲ್ಲಿ ಅವರ ಪಾಲೂ ಸೇರಿರುವುದು.